ಪ್ಯಾರಿಸ್‌ನಲ್ಲಿ ಓದುವವರಿಗೆ ಊರು ನೋಡಲು ಪುರುಸೊತ್ತು ಎಲ್ಲಿ?

ಪ್ರಶ್ನೆ: ಪ್ಯಾರಿಸ್‌ಗೆ ಓದಲು ಹೋದವರು ಊರು ಸುತ್ತಲು ದುಡ್ಡು, ಸಮಯ ಎರಡನ್ನೂ ಹೇಗೆ ಹೊಂದಿಸುತ್ತಾರೆ?

ಉತ್ತರ: ಪ್ರವಾಸಿಯ ಲೆಕ್ಕವನ್ನು ವಿದ್ಯಾರ್ಥಿಗೂ ಹಚ್ಚುವುದರಿಂದ ಈ ಅನುಮಾನ ಹುಟ್ಟುತ್ತದೆ. ಮೂರು ದಿನಕ್ಕೆ ಬಂದವರು ಟಿಕೆಟ್ಟಿನ ದುಡ್ಡು ಗಿಟ್ಟಬೇಕೆಂದು ಲೂವ್ರ್ ಸಂಗ್ರಹಾಲಯವನ್ನು ಒಂದೇ ದಿನ ಓಡೋಡುತ್ತ ನೋಡುತ್ತಾರೆ. ಅಲ್ಲಿ ಪ್ರದರ್ಶನಕ್ಕಿಟ್ಟ ಕೃತಿಗಳೇ ಸುಮಾರು 35,000. ದೀರ್ಘಾವಧಿ ವೀಸಾದ ಮೇಲೆ ನೆಲೆಸಿದ, 26 ತುಂಬದ ವಿದ್ಯಾರ್ಥಿ ಯಾವ ದೇಶದವರಾದರೂ ಲೂವ್ರ್, ಓರ್ಸೆಯಂಥ ರಾಷ್ಟ್ರೀಯ ಸಂಗ್ರಹಾಲಯಗಳಿಗೆ ಪ್ರವೇಶ ಉಚಿತ. ಹಾಗಾಗಿ ತರಗತಿ ಮುಗಿಸಿ ಒಳಹೊಕ್ಕು, ಒಂದೇ ಚಿತ್ರದ ಮುಂದೆ ಅರ್ಧ ಗಂಟೆ ನಿಂತು ಹೊರಬಂದರೂ ನಷ್ಟವಿಲ್ಲ. ನೋಡದೆ ಉಳಿದದ್ದಕ್ಕೆ ಮುಂದಿನ ವಾರವಿದೆ.

26 ದಾಟಿದವರ ಗತಿಯೇನು ಎಂದು ಕೇಳಬಹುದು. ನಗರಾಡಳಿತದ ಕಾರ್ನವಾಲೆ ಸಂಗ್ರಹಾಲಯದ ಕಾಯಂ ಸಂಗ್ರಹವನ್ನು ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಸೆನ್ ನದಿಯ ದಂಡೆಗಂತೂ ಟಿಕೆಟ್ಟೇ ಇಲ್ಲ. ಬಾಡಿಗೆ ದುಬಾರಿ, ಕೋಣೆ ಇಕ್ಕಟ್ಟು ಎಂಬ ದೂರು ನಿಜವೇ. ಆದರೆ ಆ ಇಕ್ಕಟ್ಟೇ ಜನರನ್ನು ಹೊರಗೆ ಕಳಿಸುತ್ತದೆ. ಲಕ್ಸೆಂಬರ್ಗ್ ಉದ್ಯಾನದ ಹಸಿರು ಲೋಹದ ಕುರ್ಚಿಯನ್ನು ನೆರಳಿಗೆ ಎಳೆದುಕೊಂಡು ಪಠ್ಯ ತೆರೆದರೆ ಓದೂ ಆಯಿತು, ಊರು ನೋಡಿದ್ದೂ ಆಯಿತು.