ಟ್ಯೂಬಿಲ್ಲದ ಗಾಲಿ ಸೈಕಲ್ಲಿಗೆ ಒಪ್ಪುವುದೆಷ್ಟು?

ಬೀಳಗಿ ಸೀಮೆಯಲ್ಲಿ ಸೈಕಲ್ಲಿಗೆ ಹಗೆಗಳು ಎರಡು. ದಾರಿಯ ಇಕ್ಕೆಲಗಳಲ್ಲಿ ಬೆಳೆದ ಜಾಲಿ ಒಂದು. ನೆಲಕ್ಕಂಟಿ ಹಬ್ಬುವ ನೆಗ್ಗಿಲು ಇನ್ನೊಂದು. ನೆಗ್ಗಿಲ ಕಾಯಿ ಹೇಗೆ ಬಿದ್ದರೂ ಅದರ ಒಂದು ಮುಳ್ಳು ಮೇಲ್ಮುಖವಾಗಿಯೇ ನಿಲ್ಲುವುದು. 2006-07ರಲ್ಲಿ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿದಾಗ ಹಳ್ಳಿಯ ಮಕ್ಕಳಿಗೆ ಪ್ರೌಢಶಾಲೆ ಹತ್ತಿರವಾಯಿತು. ಆದರೆ ನಡುದಾರಿಯಲ್ಲಿ ಪಂಕ್ಚರಾದ ಸೈಕಲ್ಲನ್ನು ಒಂದು ಹರದಾರಿ ನೂಕಿಕೊಂಡು ಬರುವ ಬಾಲಕಿಗೆ ಮೊದಲ ತಾಸು ತಪ್ಪಿದಂತೆಯೇ; ಅದು ಪರೀಕ್ಷೆಯ ದಿನವಾದರೆ ಹೇಳತಕ್ಕದ್ದೇನು? ಮೋಟಾರು ಸೈಕಲ್ಲಿಗೆ ಒದಗಿದ ಟ್ಯೂಬ್‌ಲೆಸ್ ಟಾಯರು ಈ ಸೈಕಲ್ಲಿಗೇಕೆ ಒದಗಬಾರದೆಂದು ಪಾಲಕರು ಕೇಳುವುದು ನ್ಯಾಯವೇ ಆಗಿದೆ.

ಉತ್ತರಕ್ಕೆ ಮೊದಲು ಗಾಲಿಯ ರಚನೆಯನ್ನು ತಿಳಿಯಬೇಕು. ನಾಭಿ, ಅರ, ನೇಮಿ ಎಂದು ಸಂಸ್ಕೃತವು ಹೆಸರಿಸಿದ ಮೂರು ಅಂಗಗಳೇ ಇಂದಿನ ಹಬ್ಬು, ಕಡ್ಡಿ, ರಿಮ್ಮುಗಳು. ನಾಲ್ಕನೆಯದಾದ ಗಾಳಿ ಮಾತ್ರ ಹೊಸದು. ರಾಬರ್ಟ್ ಥಾಮ್ಸನ್ನನು 1845ರಲ್ಲಿಯೇ ಗಾಳಿ ತುಂಬಿದ ಟಾಯರಿಗೆ ಹಕ್ಕುಪತ್ರ ಪಡೆದಿದ್ದರೂ ಅದು ಬಳಕೆಗೆ ಬರಲಿಲ್ಲ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ಪನು ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅದನ್ನು ಮತ್ತೆ ಕಂಡುಹಿಡಿದನು. ಅಂದಿನಿಂದ ಹೊರೆ ಹೊರುವ ಕೆಲಸ ಟಾಯರಿನದು, ಗಾಳಿ ಹಿಡಿಯುವ ಕೆಲಸ ಟ್ಯೂಬಿನದು ಎಂಬ ವಿಭಾಗ ನಡೆದುಬಂದಿದೆ.

ಟ್ಯೂಬನ್ನು ತೆಗೆದುಹಾಕಿದೊಡನೆ ಅದರ ಕೆಲಸ ರಿಮ್ಮು, ಟಾಯರುಗಳ ಪಾಲಿಗೆ ಬರುತ್ತದೆ. ತೊಡಕೆಲ್ಲ ಇಲ್ಲಿಯೇ. ಕಡ್ಡಿಗಳಿಗಾಗಿ ಕೊರೆದ ರಂಧ್ರಗಳೆಲ್ಲ ಗಾಳಿ ಹೊರಬೀಳುವ ಬಾಗಿಲುಗಳಾಗುವುವು. ಮೋಟಾರು ಸೈಕಲ್ಲಿನಲ್ಲಿಯೂ ಟ್ಯೂಬಿಲ್ಲದ ಟಾಯರು ಹೆಚ್ಚಾಗಿ ಎರಕದ ಗಾಲಿಗೆ ಬಂದಿದೆಯೇ ಹೊರತು ಕಡ್ಡಿಯ ಗಾಲಿಗೆ ಇಂದಿಗೂ ಸಾಮಾನ್ಯವಾಗಿ ಟ್ಯೂಬೇ ಗತಿಯೆಂಬುದನ್ನು ಗಮನಿಸಬೇಕು. ಎರಡನೆಯದು ಇನ್ನೂ ಮುಖ್ಯವಾದುದು: ಟಾಯರಿನ ತಂತಿಯಂಚು ರಿಮ್ಮಿನ ಒಳಮೈಗೆ ಎಲ್ಲಿಯೂ ಸಂದಿಲ್ಲದಂತೆ ಕೂಡಬೇಕು. ಚಕ್ಕಡಿಯ ಗಾಲಿಗೆ ಕಾಸಿದ ಹಳಿಯನ್ನು ಏರಿಸುವ ಕಮ್ಮಾರನಿಗೆ ಈ ಬಿಗಿಯ ಮರ್ಮ ಚೆನ್ನಾಗಿ ಗೊತ್ತು. ಇದಕ್ಕೆಂದೇ ಅಳತೆ ಕಟ್ಟಿದ ರಿಮ್ಮು ಟಾಯರುಗಳನ್ನು 1999ರಲ್ಲಿ ಫ್ರಾನ್ಸಿನ ಮಾವಿಕ್ ಮೊದಲಾದ ಸಂಸ್ಥೆಗಳು ಗುಡ್ಡಗಾಡಿನ ಸೈಕಲ್ಲುಗಳಿಗಾಗಿ ಹೊರತಂದವು. ಬಾಗಲಕೋಟೆ, ವಿಜಯಪುರಗಳ ಸೈಕಲ್ ಪಂದ್ಯಗಳಲ್ಲಿ ಕಾಣುವ ರಿಮ್ಮಿಗಂಟಿಸಿದ ಟಾಯರನ್ನು ಕೆಲವರು ಟ್ಯೂಬಿಲ್ಲದ್ದೆಂದು ಭಾವಿಸುವುದುಂಟು. ಅದರ ಒಡಲಲ್ಲಿ ಟ್ಯೂಬನ್ನಿಟ್ಟು ಹೊಲಿದಿರುತ್ತದೆ.

ತಕ್ಕ ರಿಮ್ಮು ಇದ್ದಲ್ಲಿ ಪರಿವರ್ತನೆಯ ಕ್ರಮ ಹೀಗೆ. ಟ್ಯೂಬನ್ನೂ ಹಳೆಯ ರಿಮ್ ಪಟ್ಟಿಯನ್ನೂ ತೆಗೆದು ರಿಮ್ಮನ್ನು ಜಿಡ್ಡಿಲ್ಲದಂತೆ ಒರೆಸಬೇಕು. ಗಾಳಿ ಬಿಡದ ಅಂಟುಪಟ್ಟಿಯನ್ನು ಎಳೆದು ಹಿಡಿದು ಎರಡು ಸುತ್ತು ಸುತ್ತಿ, ವಾಲ್ವಿನ ತೂತಿನ ಮೇಲೆ ಮಾತ್ರ ಚುಚ್ಚಿ, ಬುಡದಲ್ಲಿ ರಬ್ಬರುಳ್ಳ ವಾಲ್ವನ್ನು ಕೂಡಿಸಬೇಕು. ಟಾಯರನ್ನು ಏರಿಸಿ ಅಂಚಿಗೆ ಸಾಬೂನಿನ ನೀರು ಸವರಿ ಒಮ್ಮೆಲೆ ರಭಸದಿಂದ ಗಾಳಿ ಹಾಯಿಸಬೇಕು. ಕೈಪಂಪಿನ ನಿಧಾನಗತಿ ಇಲ್ಲಿ ಬಹುಶಃ ಸಾಲದು, ಗ್ಯಾರೇಜಿನ ಗಾಳಿಯಂತ್ರವೇ ಬೇಕು. ಟಪ್ ಟಪ್ ಎಂಬ ಸದ್ದಿನೊಡನೆ ಅಂಚುಗಳು ತಮ್ಮ ಸ್ಥಾನದಲ್ಲಿ ಕೂಡುವುವು. ಬಳಿಕ ಗಾಳಿ ಬಿಟ್ಟು, ವಾಲ್ವಿನ ಮೂಲಕ ರಬ್ಬರು ಹಾಲಿನ ದ್ರವವನ್ನು ಹೊಯ್ದು ಮತ್ತೆ ಗಾಳಿ ತುಂಬಿ ಗಾಲಿಯನ್ನು ತಿರುವಬೇಕು. ಮುಳ್ಳು ಚುಚ್ಚಿದಾಗ ಈ ದ್ರವವು ರಂಧ್ರಕ್ಕೆ ನುಗ್ಗಿ ಹೆಪ್ಪುಗಟ್ಟುತ್ತದೆ. ಸವಾರನಿಗೆ ಎಷ್ಟೋ ಸಲ ಅದರ ಅರಿವೂ ಆಗದು. ಆದರೆ ದ್ರವವು ಕೆಲವು ತಿಂಗಳಲ್ಲಿ ಒಣಗುವುದರಿಂದ, ಅದರಲ್ಲಿಯೂ ಈ ಸೀಮೆಯ ಬೇಸಗೆಯಲ್ಲಿ, ಆಗಾಗ ಮರುಪೂರಣ ಅಗತ್ಯ. ದೊಡ್ಡ ಸೀಳಿಗೆ ಇದು ಮದ್ದಲ್ಲ.

ಇನ್ನು ಶಾಲೆಯ ಅಂಗಳದಲ್ಲಿ ನಿಲ್ಲುವ ಸೈಕಲ್ಲುಗಳ ಮಾತು. ಮುಂದೆ 32, ಹಿಂದೆ 40 ಕಡ್ಡಿಗಳ ಹಳೆಯ ಮಾದರಿಯ ಕಪ್ಪು ಸೈಕಲ್ಲಿನ ಉಕ್ಕಿನ ರಿಮ್ಮಿನಲ್ಲಿ ಅಂಚು ಕಚ್ಚಿಕೊಳ್ಳಲು ಬೇಕಾದ ಮೆಟ್ಟಿಲೂ ಇಲ್ಲ, ಕೊಕ್ಕೆಯೂ ಇಲ್ಲ. ಅದರ ಟಾಯರಿನ ಒಳಮೈ ಗಾಳಿ ಹಿಡಿಯಲು ಮಾಡಿದ್ದೂ ಅಲ್ಲ. ಪಟ್ಟಿ ಸುತ್ತಿ, ದ್ರವ ಸುರಿದು ಹೇಗೋ ಗಾಳಿ ನಿಲ್ಲಿಸಿದರೂ ತಿರುವಿನಲ್ಲಿ ಅಂಚು ಜಾರಿ ಟಾಯರು ಕಳಚಿದರೆ ಮಗುವಿನ ಕೈಕಾಲು ಮುರಿಯುವುದು. ಪಂಕ್ಚರಿಗಿಂತ ಇದು ಘೋರವಾದುದು. ಆದುದರಿಂದ ಇಂತಹ ಗಾಲಿಗೆ ಈ ಪ್ರಯೋಗ ಸರ್ವಥಾ ಸಲ್ಲದು. ಅಗ್ಗದ ಕೆಲಸವೆಂದು ಒಪ್ಪಿಸುವ ಅಂಗಡಿಯವನ ಮಾತಿಗೆ ಮರುಳಾಗಬಾರದು.

ಅವುಗಳಿಗೆ ಬೇರೆ ದಾರಿಯುಂಟು. ಟ್ಯೂಬನ್ನು ಉಳಿಸಿಕೊಂಡೇ ಅದರೊಳಗೆ ರಂಧ್ರ ಮುಚ್ಚುವ ದ್ರವವನ್ನು ಹಾಕಬಹುದು. ಹಳೆಯ ಮಾದರಿಯ ವಾಲ್ವಿನ ಒಳತುಂಡು ಪೂರ್ತಿ ಕಳಚಿ ಬರುವುದರಿಂದ ಕೆಲಸ ಸುಲಭ; ಆದರೆ ಒಳತುಂಡಿನ ಸಣ್ಣ ರಬ್ಬರು ಕೊಳವೆಗೆ ದ್ರವ ಮೆತ್ತಿದರೆ ಅದನ್ನು ಬದಲಿಸಬೇಕು. ಟಾಯರು ಟ್ಯೂಬುಗಳ ನಡುವೆ ಹಳೆಯ ಟಾಯರಿನ ಸೀಳನ್ನು ಹಾಸುವ ಹಳ್ಳಿಯ ಉಪಾಯವೂ ತೆಗೆದುಹಾಕತಕ್ಕದ್ದಲ್ಲ. ಅದರ ಅಂಚುಗಳನ್ನು ತೆಳುವಾಗಿ ಹೆರೆದಿರಬೇಕು, ಇಲ್ಲವಾದರೆ ಆ ಅಂಚೇ ಉಜ್ಜಿ ಉಜ್ಜಿ ಟ್ಯೂಬನ್ನು ಕೊಯ್ಯುವುದು. ಯಾವುದನ್ನು ಮಾಡುವ ಮುನ್ನವೂ ಟಾಯರಿನ ಒಳಮೈಯನ್ನು ಬಟ್ಟೆಯಿಂದ ಸವರಿ, ಮುರಿದು ಉಳಿದ ನೆಗ್ಗಿಲ ಮೊನೆಗಳನ್ನು ಚಿಮ್ಮಟದಿಂದ ಕಿತ್ತುಬಿಡಬೇಕು.