ವ್ಯವಹಾರ ಪತ್ರಗಳಲ್ಲಿ ‘ಅಸ್ಯೂಮ್’: ಬಳಕೆಯ ಎಚ್ಚರ

ನಮ್ಮ ಉದ್ಯಮಗಳು ಹೊರರಾಜ್ಯ ಹಾಗೂ ಹೊರದೇಶಗಳೊಡನೆ ನಡೆಸುವ ಪತ್ರವ್ಯವಹಾರ ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುತ್ತದೆ. ಕೊಟೇಶನ್ ಸಿದ್ಧಪಡಿಸುವಾಗ ಎಲ್ಲ ವಿವರಗಳೂ ಕೈಯಲ್ಲಿರುವುದಿಲ್ಲ. ಕೆಲವನ್ನು ಗ್ರಹಿಸಿಕೊಂಡೇ ಬೆಲೆ ನಮೂದಿಸಬೇಕಾಗುತ್ತದೆ. ಇಂತಹ ಗ್ರಹಿಕೆಯನ್ನು ಸೂಚಿಸುವ ಪದಗಳು ಬರಿಯ ಶಿಷ್ಟಾಚಾರದ ಮಾತುಗಳಲ್ಲ. ಗ್ರಹಿಕೆ ಹುಸಿಯಾದಾಗ ಖರ್ಚು ಯಾರ ಪಾಲಿಗೆ ಬರುತ್ತದೆ ಎಂಬುದು ಅನೇಕ ವೇಳೆ ಈ ಪದಗಳಿಂದಲೇ ನಿರ್ಧಾರವಾಗುತ್ತದೆ.

ಅಸ್ಯೂಮ್ ಮತ್ತು ಪ್ರಿಸ್ಯೂಮ್

ಪುರಾವೆಯಿಲ್ಲದಿದ್ದರೂ ಲೆಕ್ಕಾಚಾರಕ್ಕೆ ಆಧಾರವಾಗಿ ಒಂದು ಸಂಗತಿಯನ್ನು ಇಟ್ಟುಕೊಳ್ಳುವುದು ‘ಅಸ್ಯೂಮ್’. ಇರುವ ಕಾರಣಗಳಿಂದ ಹೀಗೆಯೇ ಇರಬೇಕೆಂದು ತರ್ಕಿಸುವುದು ‘ಪ್ರಿಸ್ಯೂಮ್’. ಆದುದರಿಂದ ಕೊಟೇಶನ್ನಿಗೆ ಮೊದಲನೆಯದೇ ಸೂಕ್ತ. ‘ವಿ ಪ್ರಿಸ್ಯೂಮ್ ಯು ವಿಲ್ ಪೇ ಇಮ್ಮಿಡಿಯೇಟ್ಲಿ’ ಎಂಬ ವಾಕ್ಯ ಗ್ರಾಹಕರಿಗೆ ಆಜ್ಞೆಯಂತೆ ಕೇಳಿಸೀತು. ‘ಪ್ಲೀಸ್ ಕನ್ಫರ್ಮ್ ದಿ ಡೇಟ್ ಆಫ್ ಪೇಮೆಂಟ್’ ಎಂದು ನೇರವಾಗಿ ಕೇಳುವುದು ಲೇಸು.

ಪರಿಣಾಮವನ್ನೂ ಬರೆಯಿರಿ

‘ಆನ್ ದಿ ಅಸಂಪ್ಷನ್ ದಟ್’ ಎಂಬುದರ ನಂತರ ಕರ್ತೃ, ಕ್ರಿಯಾಪದಗಳುಳ್ಳ ಪೂರ್ಣ ಉಪವಾಕ್ಯ ಬರಬೇಕು. ಉದಾಹರಣೆಗೆ: ‘ಅವರ್ ಪ್ರೈಸ್ ಈಸ್ ಕ್ವೋಟೆಡ್ ಆನ್ ದಿ ಅಸಂಪ್ಷನ್ ದಟ್ ದಿ ಬಯರ್ ಅರೇಂಜಸ್ ಅನ್‌ಲೋಡಿಂಗ್’. ವ್ಯಾಕರಣದ ದೃಷ್ಟಿಯಿಂದ ಈ ವಾಕ್ಯ ನಿರ್ದುಷ್ಟವಾದರೂ ವ್ಯವಹಾರದ ದೃಷ್ಟಿಯಿಂದ ಅಪೂರ್ಣ. ಖರೀದಿದಾರರು ಸರಕನ್ನು ಇಳಿಸಿಕೊಳ್ಳುವ ವ್ಯವಸ್ಥೆ ಮಾಡದಿದ್ದರೆ ಮುಂದೇನು ಎಂಬುದನ್ನು ಅದು ಹೇಳುವುದಿಲ್ಲ. ‘ಶುಡ್ ದಿಸ್ ಅಸಂಪ್ಷನ್ ಪ್ರೂವ್ ಇನ್‌ಕರೆಕ್ಟ್, ಅನ್‌ಲೋಡಿಂಗ್ ವಿಲ್ ಬಿ ಚಾರ್ಜ್ಡ್ ಎಕ್ಸ್‌ಟ್ರಾ’ ಎಂದು ಸೇರಿಸಿದಾಗಲೇ ಅದು ಪೂರ್ಣವಾಗುತ್ತದೆ.

‘ಪ್ರೊವೈಡೆಡ್ ದಟ್’ ಗ್ರಹಿಕೆಯಲ್ಲ, ಷರತ್ತು. ಭಾರತೀಯ ಕರಾರು ಕಾಯಿದೆ, 1872ರ 7ನೇ ಕಲಮಿನ ಪ್ರಕಾರ ಸ್ವೀಕೃತಿಯು ಸಂಪೂರ್ಣವೂ ನಿಶ್ಶರ್ತವೂ ಆಗಿರಬೇಕು. ಸ್ವೀಕೃತಿ ಪತ್ರದಲ್ಲಿ ಈ ಪದಗಳಿಂದ ಹೊಸ ಷರತ್ತು ಸೇರಿಸಿದರೆ ಅದು ಸ್ವೀಕೃತಿಯಾಗಿ ಉಳಿಯದೆ ಪ್ರತಿ ಪ್ರಸ್ತಾಪವಾಗಬಹುದು.

ಮೌನದ ಅರ್ಥ

‘ಏಳು ದಿನಗಳೊಳಗೆ ಉತ್ತರ ಬಾರದಿದ್ದರೆ ಒಪ್ಪಿಗೆಯೆಂದು ಭಾವಿಸುತ್ತೇವೆ’ ಎಂಬರ್ಥದ ‘ವಿ ಶಲ್ ಅಸ್ಯೂಮ್’ ವಾಕ್ಯವನ್ನು ನಂಬಿ ಸರಕು ರವಾನಿಸುವುದು ಅಪಾಯಕರ. ಇಂಗ್ಲೆಂಡಿನ ಫೆಲ್ಟ್‌ಹೌಸ್–ಬಿಂಡ್ಲೆ ಮೊಕದ್ದಮೆಯಲ್ಲಿ (1862) ಸೋದರಳಿಯನಿಂದ ಉತ್ತರ ಬಾರದಿದ್ದರೆ ಕುದುರೆ ತನ್ನದೆಂದು ತಿಳಿಯುವುದಾಗಿ ಒಬ್ಬರು ಬರೆದಿದ್ದರು. ಉತ್ತರ ಬರಲಿಲ್ಲ, ಹರಾಜುದಾರರು ಪ್ರಮಾದವಶಾತ್ ಆ ಕುದುರೆಯನ್ನು ಮಾರಿಬಿಟ್ಟರು. ಮೌನವನ್ನು ಒಪ್ಪಿಗೆಯೆಂದು ಒಬ್ಬರೇ ವಿಧಿಸಲಾಗದೆಂದು ನ್ಯಾಯಾಲಯ ತೀರ್ಮಾನಿಸಿತು.

‘ಡೀಮ್ಡ್’ ಎಂಬುದರ ತೂಕವೇ ಬೇರೆ. ಅದು ಒಬ್ಬರ ಊಹೆಯಲ್ಲ. ಕಾನೂನು ಅಥವಾ ಉಭಯಸಮ್ಮತ ಕರಾರು ಹಾಗೆಂದು ಪರಿಗಣಿಸುವ ಸ್ಥಿತಿ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆ, 2006ರಂತೆ ಸರಕು ತಲುಪಿದ 15 ದಿನಗಳೊಳಗೆ ಖರೀದಿದಾರರು ಲಿಖಿತ ಆಕ್ಷೇಪ ಸಲ್ಲಿಸದಿದ್ದರೆ, ಸರಕು ತಲುಪಿದ ದಿನವೇ ಸ್ವೀಕೃತಿಯ ದಿನವೆಂದು ಪರಿಗಣಿತವಾಗುತ್ತದೆ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಹಣ ಪಾವತಿಯ ಅವಧಿಯನ್ನು ಲೆಕ್ಕ ಹಾಕುವಾಗ ಈ ದಿನ ಮುಖ್ಯ. ಕರಾರಿನ ಮೂಲಕವೂ ಆ ಅವಧಿಯನ್ನು 45 ದಿನಗಳಿಗಿಂತ ಹೆಚ್ಚಿಸುವಂತಿಲ್ಲ.

ಕೊಟೇಶನ್ ಕಳುಹಿಸುವ ಮುನ್ನ ಅದರಲ್ಲಿನ ಗ್ರಹಿಕೆಗಳನ್ನು ಕ್ರಮಾಂಕ ಸಹಿತ ಒಂದೆಡೆ ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ ಅದು ತಪ್ಪಿದರೆ ತಗಲುವ ಖರ್ಚಿನ ಹೊಣೆಯನ್ನು ನಮೂದಿಸುವುದು ಉತ್ತಮ. ಖರೀದಿದಾರರ ಲಿಖಿತ ದೃಢೀಕರಣ ಬಂದ ಮೇಲೆಯೇ ಉತ್ಪಾದನೆ ಆರಂಭಿಸುವುದು ಉಭಯರಿಗೂ ಕ್ಷೇಮಕರ.