ನಾನ್ಸಿಯ ಪದರಗಾಜು

ಹಳೆಯ ಅಲಂಕಾರಿಕ ಗಾಜನ್ನು ಸಂಗ್ರಹಿಸುವವರ ನಡುವೆ, ಫ್ರಾನ್ಸಿನ ಲೊರೇನ್ ಪ್ರಾಂತ್ಯದ ನಾನ್ಸಿ ನಗರದ ಕ್ಯಾಮಿಯೋ ಗಾಜಿಗೆ ವಿಶೇಷ ಸ್ಥಾನವಿದೆ. ಒಂದರ ಮೇಲೊಂದು ಹೊದಿಸಿದ ಬೇರೆ ಬೇರೆ ಬಣ್ಣದ ಪದರಗಳಲ್ಲಿ ಮೇಲಿನದನ್ನು ಬೇಕಾದಷ್ಟೇ ತೆಗೆದು, ಒಳಗಿನ ಬಣ್ಣದ ಹಿನ್ನೆಲೆಯಲ್ಲಿ ಚಿತ್ರವು ಉಬ್ಬಿ ನಿಲ್ಲುವಂತೆ ಮಾಡಿದ ಗಾಜನ್ನು ಹೀಗೆ ಕರೆಯುತ್ತಾರೆ. ವಿದ್ಯೆ ರೋಮನ್ನರ ಕಾಲದ್ದು; ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ, ಕಡುನೀಲಿಯ ಮೇಲೆ ಬಿಳಿಯ ಆಕೃತಿಗಳುಳ್ಳ ಪೋರ್ಟ್‌ಲ್ಯಾಂಡ್ ಹೂದಾನಿ ಅದರ ಪ್ರಸಿದ್ಧ ನಿದರ್ಶನ. ಅಲ್ಲಿ ದೇವತೆಗಳೂ ವೀರರೂ ನಿಂತಿದ್ದ ಜಾಗಕ್ಕೆ ಕಾಡುಹೂವು, ಜರೀಗಿಡ, ಏರೋಪ್ಲೇನ್ ಚಿಟ್ಟೆಗಳನ್ನು ತಂದವರು ಎಮಿಲ್ ಗ್ಯಾಲೆ (1846–1904).

ಗಾಜು ಮತ್ತು ಪಿಂಗಾಣಿಯ ವ್ಯಾಪಾರಿಯ ಮಗನಾದ ಗ್ಯಾಲೆ ಸಸ್ಯಶಾಸ್ತ್ರವನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದ್ದರಿಂದ, ಅವರ ಹೂದಾನಿಗಳ ಮೇಲಿನ ಗಿಡಗಳು ಕೇವಲ ಅಲಂಕಾರದ ಬಳ್ಳಿಗಳಾಗದೆ, ಜಾತಿಯನ್ನು ಗುರುತಿಸಬಹುದಾದಷ್ಟು ನಿಖರವಾಗಿವೆ. 1885ರಲ್ಲಿ ನಾನ್ಸಿಯ ಅರಣ್ಯವಿದ್ಯಾ ಶಾಲೆಗೆ ಕಲಿಯಲು ಬಂದ ಜಪಾನಿನ ತಕಾಶಿಮಾ ಹೊಕ್ಕಾಯ್ ಅವರ ಪರಿಚಯವೂ ಆ ದೇಶದ ಚಿತ್ರಕಲೆಯ ಮೇಲೆ ಅವರಿಗೆ ಮೊದಲೇ ಇದ್ದ ಒಲವನ್ನು ಬಲಪಡಿಸಿತು. 1889ರ ಪ್ಯಾರಿಸ್ ಪ್ರದರ್ಶನ ಅವರಿಗೆ ಕೀರ್ತಿ ತಂದಿತು. 1894ರಲ್ಲಿ ನಾನ್ಸಿಯಲ್ಲೇ ಸ್ವಂತ ಗಾಜಿನ ಕಾರ್ಖಾನೆ ಆರಂಭವಾಯಿತು. 1901ರಲ್ಲಿ ಅಲ್ಲಿನ ಕುಶಲಕರ್ಮಿಗಳೂ ಉದ್ಯಮಿಗಳೂ ‘ನಾನ್ಸಿ ಶಾಲೆ’ ಎಂಬ ಸಂಘಟನೆಯನ್ನು ಅವರ ಅಧ್ಯಕ್ಷತೆಯಲ್ಲಿ ಕಟ್ಟಿಕೊಂಡರು.

ಸಂಗ್ರಾಹಕನು ಮೊದಲು ಅರಿಯಬೇಕಾದದ್ದು ತಯಾರಿಕೆಯ ಕ್ರಮವನ್ನು. ಊದುಕೊಳವೆಯ ತುದಿಯಲ್ಲಿ ಹಿಗ್ಗಿದ ಕಾದ ಗಾಜಿನ ಮೇಲೆ ಎರಡು ಮೂರು ಬಣ್ಣದ ಗಾಜನ್ನು ಹೊದಿಸುತ್ತಾರೆ. ಆರುವಾಗ ಈ ಪದರಗಳೆಲ್ಲ ಒಂದೇ ಪ್ರಮಾಣದಲ್ಲಿ ಕುಗ್ಗದಿದ್ದರೆ ಪಾತ್ರೆ ಸೀಳುತ್ತದೆಯಾದ್ದರಿಂದ, ಬಣ್ಣಗಳ ರಾಸಾಯನಿಕ ಹೊಂದಾಣಿಕೆಯೇ ಈ ಕಲೆಯ ಮೊದಲ ಪರೀಕ್ಷೆ. ಆರಿದ ಪಾತ್ರೆಯ ಮೇಲೆ, ಉಳಿಯಬೇಕಾದ ಭಾಗಕ್ಕೆ ಆಮ್ಲ ತಾಗದಂತೆ ತಡೆಯುವ ಕಪ್ಪು ಬಿಟುಮೆನ್ ಲೇಪ ಹಚ್ಚಿ, ಗಾಜನ್ನೇ ಕರಗಿಸಬಲ್ಲ ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಮುಳುಗಿಸುತ್ತಾರೆ. ಲೇಪವಿಲ್ಲದ ಕಡೆ ಮೇಲ್ಪದರ ಸವೆಯುತ್ತದೆ. ಮತ್ತಷ್ಟು ಭಾಗಕ್ಕೆ ಲೇಪ ಹಚ್ಚಿ ಮತ್ತೆ ಮುಳುಗಿಸಿದರೆ ಇನ್ನೊಂದು ಆಳ ದೊರೆಯುತ್ತದೆ. ಎಲೆಯ ನರ, ದಳದ ಮಡಿಕೆಯಂಥ ಸೂಕ್ಷ್ಮಗಳನ್ನು ತಿರುಗುವ ಸಾಣೆಚಕ್ರಕ್ಕೆ ಒಡ್ಡಿ ಕೈಯಿಂದ ಕೆತ್ತುತ್ತಾರೆ. ಆಮ್ಲ ಕೊರೆದ ದಳವು ಅಂಚಿನಿಂದ ಅಂಚಿಗೆ ಒಂದೇ ದಪ್ಪವಾಗಿದ್ದು ಹಿನ್ನೆಲೆಗೆ ಮೆಟ್ಟಿಲಿನಂತೆ ಇಳಿದರೆ, ಚಕ್ರ ಕೆತ್ತಿದ ದಳವು ಅಂಚಿನ ಕಡೆಗೆ ತೆಳುವಾಗುತ್ತ ಹೋಗಿ, ಅದೇ ಕೆಂಪು ಅಲ್ಲಿ ನಸುಗೆಂಪಾಗಿ ಕಾಣುತ್ತದೆ. ಬೆಳಕಿಗೆ ಹಿಡಿದಾಗ ತೋರುವ ಈ ವ್ಯತ್ಯಾಸವೇ ಪಾತ್ರೆಯ ಶ್ರೇಷ್ಠತೆಯನ್ನು ಅಳೆಯುವ ನಂಬಲರ್ಹ ಮಾನದಂಡ.

ಸಹಿಗೆ ಅಷ್ಟು ನಂಬಿಕೆ ಸಲ್ಲದು. ಕಾರ್ಖಾನೆಯ ಸಾಮಾನ್ಯ ಮಾಲಿನ ಮೇಲೂ ಗ್ಯಾಲೆ ಎಂಬ ಹೆಸರಿದೆ. ಅವರ ಮರಣಾನಂತರ ಕೆಲಕಾಲ ಹೆಸರಿನ ಜೊತೆ ಪುಟ್ಟ ನಕ್ಷತ್ರವನ್ನು ಸೇರಿಸಲಾಯಿತು. 1936ರಲ್ಲಿ ಕಾರ್ಖಾನೆ ಮುಚ್ಚಿತು. ಗ್ಯಾಲೆಯವರ ನಂತರದ ಕಾಲದ ಮಾಲೆಲ್ಲವೂ ಕೀಳೆಂದು ಭಾವಿಸುವುದು ತಪ್ಪು, ಏಕೆಂದರೆ ಅಚ್ಚಿನೊಳಗೆ ಊದಿ ಹಣ್ಣುಗಳನ್ನು ಹೊರಕ್ಕೆ ಉಬ್ಬಿಸಿದ 1920ರ ದಶಕದ ಹೂದಾನಿಗಳು ಇಂದಿಗೂ ಬಹು ಬೇಡಿಕೆಯವು. ಅದೇ ನಗರದ ಡೌಮ್ ಸಹೋದರರ ಗಾಜನ್ನು ಹೆಸರಿನೊಂದಿಗಿರುವ, ಎರಡು ಅಡ್ಡಪಟ್ಟಿಗಳ ಲೊರೇನ್ ಶಿಲುಬೆಯಿಂದ ಗುರುತಿಸುತ್ತಾರೆ. ತೊಡಕು ಬರುವುದು ರೊಮೇನಿಯಾದ ಹೊಸ ಗಾಜಿನಿಂದ: ಅಲ್ಲಿ ಗ್ಯಾಲೆ ಹೆಸರಿನ ಪಕ್ಕದಲ್ಲಿ ‘ಮಾದರಿ’ ಎಂಬರ್ಥದ ‘ಟಿಪ್’ ಎಂಬ ಪದವನ್ನು ಪ್ರಾಮಾಣಿಕವಾಗಿಯೇ ಕೊರೆದಿದ್ದರೂ, ಆ ಮೂರಕ್ಷರವನ್ನು ಉಜ್ಜಿ ಅಳಿಸಿ ಹಳೆಯದೆಂದು ಮಾರುವವರಿದ್ದಾರೆ. ಹೆಸರಿನ ಬಳಿ ಮೈ ತುಸು ತಗ್ಗಾಗಿದ್ದರೆ ಅಥವಾ ಹೊಳಪು ಬೇರೆಯಾಗಿದ್ದರೆ ಸಂಶಯಪಡಬೇಕು.

ಹಾನಿಯನ್ನು ಮರೆಮಾಚುವುದೂ ಉಂಟು. ಬಾಯಂಚು ಚಕ್ಕೆಯೆದ್ದ ಹೂದಾನಿಯನ್ನು ಸುತ್ತಲೂ ಸವೆಸಿ ಸಮಮಾಡಿದಾಗ ಎತ್ತರದ ಜೊತೆಗೆ ವಿನ್ಯಾಸವೂ ತುಂಡಾಗುತ್ತದೆ; ಗಿಡದ ತುದಿ ಬಾಯಂಚಿಗೆ ತಾಗಿ ಹಠಾತ್ತನೆ ನಿಂತಿದ್ದರೆ, ಅದೇ ಆಕಾರದ ಇಡಿಯಾದ ಪಾತ್ರೆಯ ಅಳತೆಯೊಂದಿಗೆ ಹೋಲಿಸಿ ನೋಡುವುದು ಸಂಗ್ರಾಹಕರ ರೂಢಿ. ವಿದ್ಯುದ್ದೀಪ ಮಾಡಲೆಂದು ತಳಕ್ಕೆ ತೂತು ಕೊರೆದ ಹೂದಾನಿಗಳೂ ಮಾರಾಟಕ್ಕೆ ಬರುತ್ತವೆ, ಅವುಗಳ ಬೆಲೆ ಸಹಜವಾಗಿಯೇ ಇಳಿದಿರುತ್ತದೆ.